ಕುದುರೆಯ ಮುಂಗಾಲಿನ ಟೆಂಡನ್ ಊತ: ಕುಂಟು ನಿಂತಿದೆ, ಕೆಲಸಕ್ಕೆ ಬಿಡಬಹುದಾ?

ದಾವಣಗೆರೆ ಲಾಯ:
ನಮ್ಮದು ಎಂಟು ವರ್ಷದ ಗಂಡು ಕುದುರೆ. ಮದುವೆ ಮೆರವಣಿಗೆಗೆ ಕಳಿಸುತ್ತೇವೆ. ಕಾಂಕ್ರೀಟ್ ರಸ್ತೆಯಲ್ಲಿ ಕುಣಿಯುವಾಗ ಜಾರಿತು. ಮಾರನೇ ದಿನ ಎಡ ಮುಂಗಾಲಿನಲ್ಲಿ, ಮೊಣಕಾಲಿನ ಕೆಳಗೆ ಹಿಂಭಾಗ ಬಿಲ್ಲಿನ ಹಾಗೆ ಉಬ್ಬಿತ್ತು. ಬಿಸಿ ಇತ್ತು, ಮುಟ್ಟಲೂ ಬಿಡಲಿಲ್ಲ. ಡಾಕ್ಟರು ಟೆಂಡನ್ (ಮಾಂಸಖಂಡವನ್ನು ಎಲುಬಿಗೆ ಜೋಡಿಸುವ ಗಟ್ಟಿ ಹುರಿ) ಪೆಟ್ಟು ಅಂತ ಹೇಳಿ, ನೋವಿನ ಔಷಧಿ ಕೊಟ್ಟು, ಕಟ್ಟಿ ಹಾಕಿ ಅಂದರು. ಈಗ ಸುಮಾರು ಮೂರು ವಾರವಾಗಿದೆ. ಕುಂಟುವುದಿಲ್ಲ, ಆದರೆ ಉಬ್ಬು ಪೂರ್ತಿ ಇಳಿದಿಲ್ಲ. ಮುಂದೆ ಮದುವೆ ಸೀಸನ್, ಅಡ್ವಾನ್ಸ್ ಬಂದಿದೆ. ಹಿರಿಯರೊಬ್ಬರು ಬರೆ ಹಾಕಿಸಿದರೆ ಬೇಗ ಗಟ್ಟಿಯಾಗುತ್ತದೆ ಅನ್ನುತ್ತಿದ್ದಾರೆ. ಏನು ಮಾಡಲಿ?

ದುರ್ಗದ ಸವಾರ:
ಈ ಸೀಸನ್ ಬಿಟ್ಟುಬಿಡಿ. ದುಡ್ಡಿನ ಕಷ್ಟ ಗೊತ್ತು, ಆದರೂ ಇದನ್ನೇ ಮೊದಲು ಹೇಳಬೇಕು. ಕುಂಟು ನಿಂತಿತು ಅಂದರೆ ನೋವು ಇಳಿಯಿತು ಅಂತ ಅಷ್ಟೇ. ಟೆಂಡನ್ ಇನ್ನೂ ಕೂಡಿಕೊಂಡಿರುವುದಿಲ್ಲ. ಎಷ್ಟೋ ಕುದುರೆಗಳು ಎರಡನೇ ಸಲ ಹಾಳಾಗುವುದು ಈ ಹೊತ್ತಿನಲ್ಲೇ.

ಕುದುರೆಯ ಮುಂಗಾಲಲ್ಲಿ ಮೊಣಕಾಲಿನ ಕೆಳಗೆ ಮಾಂಸಖಂಡ ಇರುವುದಿಲ್ಲ. ಎಲುಬು, ಟೆಂಡನ್, ಚರ್ಮ, ಅಷ್ಟೇ. ಹಿಂದೆ ಎರಡು ಟೆಂಡನ್ ಇವೆ. ಸಾಮಾನ್ಯವಾಗಿ ಪೆಟ್ಟಾಗುವುದು ಚರ್ಮಕ್ಕೆ ಹತ್ತಿರದ್ದಕ್ಕೆ. ಅಲ್ಲಿಗೆ ರಕ್ತ ಕಡಿಮೆ, ಹಾಗಾಗಿ ವಾಸಿಯಾಗುವುದೂ ನಿಧಾನ. ಮೊದಲ ವಾರಗಳಲ್ಲಿ ಅಲ್ಲಿ ತುಂಬಿಕೊಳ್ಳುವುದು ದುರ್ಬಲವಾದ, ಅಡ್ಡಾದಿಡ್ಡಿ ಎಳೆಗಳ ಕೊಲಾಜನ್, ಅಂದರೆ ನಾರಿನಂಥ ಪ್ರೋಟೀನ್. ಅದು ಕಾಲಿನ ಉದ್ದಕ್ಕೆ ಸಾಲಾಗಿ, ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಪೂರ್ತಿ ಕೆಲಸಕ್ಕೆ 9ರಿಂದ 12 ತಿಂಗಳು, ಪೆಟ್ಟು ದೊಡ್ಡದಿದ್ದರೆ ಇನ್ನೂ ಜಾಸ್ತಿ. ವಾಸಿಯಾದ ಮೇಲೂ ಮೊದಲಿನ ಬಾಗು, ಎಳೆತ ಇರುವುದಿಲ್ಲ. ಕುಣಿಸುವ ಕೆಲಸಕ್ಕೆ ಮತ್ತೆ ಬಿಡದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಬರೆ ಬೇಡವೇ ಬೇಡ, ದಯವಿಟ್ಟು. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದರು. ಬರೆಯಿಂದ ಟೆಂಡನ್‌ಗೆ ಲಾಭ ಕಾಣಲಿಲ್ಲ. ಬರೆ ಹಾಕಿದ ಮೇಲೆ ಕುದುರೆಯನ್ನು ತಿಂಗಳುಗಟ್ಟಲೆ ಕಟ್ಟಿ ಹಾಕುತ್ತಿದ್ದರು, ವಾಸಿ ಮಾಡಿದ್ದು ಆ ವಿಶ್ರಾಂತಿ. ಟೆಂಡನ್ ಒಳಕ್ಕೇ ಸ್ಟೆರಾಯ್ಡ್ ಚುಚ್ಚಲು ಯಾರಾದರೂ ಹೇಳಿದರೆ ಅದಕ್ಕೂ ಒಪ್ಪಬೇಡಿ, ಎಳೆಗಳು ಇನ್ನಷ್ಟು ದುರ್ಬಲವಾಗುತ್ತವೆ.

ಈಗ ಬೇಕಾದ್ದು ಅಲ್ಟ್ರಾಸೌಂಡ್ ಸ್ಕ್ಯಾನ್. ಟೆಂಡನ್ ನಡುವೆ ಹರಿದ ಜಾಗ ಕಪ್ಪಗೆ ಕಾಣುತ್ತದೆ. ಕೈಯಲ್ಲಿ ಮುಟ್ಟಿ ಇದನ್ನು ಅಳೆಯಲು ಆಗುವುದಿಲ್ಲ. ನಿಮ್ಮ ಡಾಕ್ಟರ ಹತ್ತಿರ ಸೌಲಭ್ಯ ಇಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಫೋನ್ ಮಾಡಿ, ಕುದುರೆ ಕಾಲಿಗೆ ಸರಿಹೋಗುವ ಪ್ರೋಬ್ (ಸ್ಕ್ಯಾನ್ ಮಾಡುವಾಗ ಚರ್ಮಕ್ಕೆ ಒತ್ತಿ ಹಿಡಿಯುವ ಭಾಗ) ಇದೆಯಾ ಅಂತ ಮೊದಲೇ ಕೇಳಿ. ಲಾರಿ ಹತ್ತಿಸಿ ಸುಮ್ನೆ ಸುತ್ತಾಡಿಸುವುದು ಕಾಲಿಗೆ ಒಳ್ಳೆಯದಲ್ಲ.

ಜಗಳೂರು ರೈತ:
ಮೇವಿನ ಬಗ್ಗೆ ಒಂದು ಮಾತು. ಕೆಲಸ ಇಲ್ಲದ ಕುದುರೆಗೆ ಹುರುಳಿ, ಮೆಕ್ಕೆಜೋಳ ಮೊದಲಿನಷ್ಟೇ ಹಾಕಬೇಡಿ. ಹೊಟ್ಟೆನೋವು ಬರುತ್ತದೆ, ಗೊರಸಿನ ಒಳಗೆ ಉರಿಯೂತ ಆಗಬಹುದು. ಹುಲ್ಲು ಜಾಸ್ತಿ ಮಾಡಿ, ನೀರು ಸದಾ ಇರಲಿ. ನಮ್ಮ ಕಡೆ ಮೆಕ್ಕೆಜೋಳ ಅಗ್ಗ ಅಂತ ಬೂಸ್ಟು ಹಿಡಿದದ್ದನ್ನೂ ಹಾಕುವವರಿದ್ದಾರೆ. ಕುದುರೆಗೆ ಅದು ವಿಷ. ಬೂಸ್ಟಿನ ವಿಷ ಮೆದುಳನ್ನೇ ಹಾಳು ಮಾಡಿ ಜೀವ ತೆಗೆಯುತ್ತದೆ.

ದಾವಣಗೆರೆ ಲಾಯ:
ತುಂಬಾ ಉಪಕಾರ. ಬರೆ ವಿಚಾರ ಮನೆಯಲ್ಲಿ ಹೇಳಿದೆ, ಒಪ್ಪಿದ್ದಾರೆ. ಆದರೆ ಇವನು ಕಟ್ಟಿದಲ್ಲಿ ನಿಲ್ಲುತ್ತಿಲ್ಲ, ಹೊರಗೆ ಕರೆದರೆ ಎಗರುತ್ತಾನೆ. ಹೊಲಕ್ಕೆ ಬಿಟ್ಟರೆ ಸಮಾಧಾನ ಆಗುತ್ತಾನಾ? ಹಿಮ್ಮಡಿ ಎತ್ತರಿಸುವ ಲಾಳ ಹೊಡೆಸಲಾ?

ದುರ್ಗದ ಸವಾರ:
ಹೊಲಕ್ಕೆ ಬಿಡಬೇಡಿ. ಒಂದು ಸಲ ಓಡಿದರೆ ಸಾಕು, ಮತ್ತೆ ಹರಿಯುತ್ತದೆ. ಎರೆ ಹೊಲವಾದರೆ ಬೇಸಿಗೆಯಲ್ಲಿ ಬಿರುಕು, ಮಳೆಯಲ್ಲಿ ಕಾಲು ಹೂತುಹೋಗುವ ಕೆಸರು, ಎರಡೂ ಕಷ್ಟ. ಮರಳೂ ಬೇಡ, ಟೆಂಡನ್ ಜಾಸ್ತಿ ಎಳೆಯುತ್ತದೆ. ಗಟ್ಟಿಯಾದ ಸಮತಟ್ಟು ಮಣ್ಣಿನ ದಾರಿ ನೋಡಿ. ಭದ್ರಾ ನಾಲೆ ಏರಿಯ ದಾರಿ ಹತ್ತಿರವಿದ್ದರೆ, ಬೆಳಿಗ್ಗೆ ಗಾಡಿ ಓಡಾಟ ಇಲ್ಲದಾಗ ಸರಿಯಾಗುತ್ತದೆ.

ಎತ್ತರದ ಹಿಮ್ಮಡಿ ಲಾಳದಿಂದ ಈ ಟೆಂಡನ್ ಮೇಲಿನ ಭಾರ ಇಳಿಯುವುದಿಲ್ಲ. ಮುಂಗೊರಸು ಉದ್ದ ಬೆಳೆದಿದ್ದರೆ ಕತ್ತರಿಸಿ ಸಮ ಮಾಡಿಸಿ, ಸಾಮಾನ್ಯ ಲಾಳ ಸಾಕು.

ಡಾಕ್ಟರು ಸ್ಕ್ಯಾನ್ ನೋಡಿ ಸರಿ ಅಂದರೆ ಕೈಯಲ್ಲಿ ಹಿಡಿದು ನಡೆಸಿ. ಮೊದಲು ದಿನಕ್ಕೆ 5ರಿಂದ 10 ನಿಮಿಷ, ಆಮೇಲೆ ವಾರಕ್ಕೋ ಎರಡು ವಾರಕ್ಕೋ 5 ನಿಮಿಷ ಸೇರಿಸುತ್ತಾ ಹೋಗಿ. ಎಳೆಗಳು ಸಾಲಾಗಲು ಈ ಮೆಲ್ಲನೆಯ ನಡಿಗೆ ಬೇಕೇ ಬೇಕು, ಪೂರ್ತಿ ಕಟ್ಟಿ ಹಾಕಿದರೂ ತಪ್ಪೇ. ನಡೆಸಿದ ಮೇಲೆ ಐಸ್ ಹಾಕಿದ ನೀರಲ್ಲಿ 15ರಿಂದ 20 ನಿಮಿಷ ಕಾಲು ನಿಲ್ಲಿಸಿ. ಬ್ಯಾಂಡೇಜು ಹತ್ತಿ ಹಾಕಿ ಸಮವಾಗಿ ಸುತ್ತಿ, ಎರಡೂ ಮುಂಗಾಲಿಗೆ. ಒಳ್ಳೆಯ ಕಾಲಿಗೆ ಈಗ ಭಾರ ಜಾಸ್ತಿ ಬೀಳುತ್ತಿದೆ ಅಲ್ವಾ? ಓಟದ ನಡಿಗೆಯ ಮಾತು ಮೂರು ತಿಂಗಳಾದ ಮೇಲೆ, ಅದೂ ಮತ್ತೊಂದು ಸ್ಕ್ಯಾನ್ ನೋಡಿ.

ಎಗರುವ ಕುದುರೆಗೆ ಬರೀ ಹಗ್ಗ ಸಾಲದು, ಕಡಿವಾಣ ಹಾಕಿ. ಮೇವು ತಿಂದ ಮೇಲೆ ಹೊರಗೆ ತನ್ನಿ. ಆದರೂ ಹಿಡಿತಕ್ಕೆ ಸಿಗದಿದ್ದರೆ ಮಂಪರಿನ ಔಷಧಿ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ, ನೀವೇ ಕೊಡಬೇಡಿ.

ದಿನಾ ಬೆಳಿಗ್ಗೆ ನಡೆಸುವ ಮುಂಚೆ ಎರಡೂ ಕಾಲನ್ನು ಬರಿಗೈಯಲ್ಲಿ ಮುಟ್ಟಿ ಹೋಲಿಸಿ. ಎಡಗಾಲು ಬಿಸಿಯಾಗಿದ್ದರೆ ಅಥವಾ ಉಬ್ಬು ಹೆಚ್ಚಾಗಿದ್ದರೆ ಅವತ್ತು ನಡಿಗೆ ಬೇಡ, ಡಾಕ್ಟರಿಗೆ ಫೋನ್ ಮಾಡಿ. ಸ್ಕ್ಯಾನ್ ಆದಾಗ ಟೆಂಡನ್‌ನಲ್ಲಿ ಎಷ್ಟು ಪಾಲು ಕಪ್ಪಿದೆ, ಎಷ್ಟು ಉದ್ದಕ್ಕಿದೆ ಅಂತ ಕೇಳಿ ಇಲ್ಲಿ ಬರೆಯಿರಿ. ಮುಂದಿನ ನಡಿಗೆಯ ಲೆಕ್ಕ ಅದರ ಮೇಲೆ ಹಾಕೋಣ.