ಹೊಳಿ ನೀರು ಹೊಕ್ಕಿದ್ದ ಗುಡಿ, ಈಗ ಕಲ್ಲು ಉದುರಾಕ ಹತ್ತೈತ್ರಿ

ಪ್ರಶ್ನೆ: ನಮಸ್ಕಾರ್ರೀ ಮೇಡಂ. ನಮ್ಮೂರು ಮಲಪ್ರಭಾ ಹೊಳಿ ದಂಡಿಗೆ ಐತ್ರಿ, ಪಟ್ಟದಕಲ್ಲಿಗೆ ಹತ್ರನ. 2019ರ ಆಗಸ್ಟ್‌ನ್ಯಾಗ ಪಟ್ಟದಕಲ್ಲ ಗುಡಿಗೋಳಿಗೆ ನೀರು ಹೊಕ್ತಲ್ರಿ, ಆವಾಗ ನಮ್ಮೂರ ಹಳೀ ಗುಡಿನೂ ಮುಳುಗಿತ್ತು. ಹುಡುಗ್ರೆಲ್ಲಾ ಕೂಡಿ ರಾಡಿ ಎತ್ತಿದ್ವಿ, ಏನೂ ಆಗಿಲ್ಲ ಅನ್ಕೊಂಡ್ವಿ. ಈಗ ನೋಡಿದ್ರ ಗ್ವಾಡಿ ಕೆಳಗಿನ ಎರಡ್ಮೂರು ಫೂಟು ಕಲ್ಲು ಹಪ್ಪಳದಂಗ ಪದರ ಬಿಟ್ಟು ಉದುರಾಕ ಹತ್ತೈತ್ರಿ, ಕೈ ಹಚ್ಚಿದ್ರ ಉಸುಕು ಬರ್ತೈತಿ. ಬಾಗಲದಾಗಿನ ವೀರಗಲ್ಲಿನ ಕುದುರಿ ಕಾಲು ಕಾಣವಲ್ದು. ಕಮಿಟಿಯವ್ರು ಸಿಮೆಂಟ್ ಬಡದು ಪೇಂಟ್ ಹಚ್ಚೂನು ಅಂತಾರ, ರೊಕ್ಕನೂ ಕೂಡೈತಿ. ಮಾಡ್ಬೋದೇನ್ರಿ?

ಉತ್ತರ: ಬೇಡ ಸರ್, ದಯವಿಟ್ಟು ಸಿಮೆಂಟ್ ಚೀಲ ಬಿಚ್ಚಬೇಡಿ. ನಿಮ್ಮ ಕಡೆದು ಮರಳುಗಲ್ಲು, ನೀರು ಕುಡಿಯತ್ತೆ. ದೀಪದ ಬತ್ತಿ ಎಣ್ಣೆ ಎಳ್ಕೊಳೋ ಹಾಗೆ ಗೋಡೆ ನೆಲದಿಂದ ತೇವ ಎಳ್ಕೋತಾನೇ ಇರತ್ತೆ, ಆ ನೀರಲ್ಲಿ ಉಪ್ಪು ಕರಗಿರತ್ತೆ, ಬಿಸಿಲಿಗೆ ನೀರು ಆರಿಹೋದಾಗ ಉಪ್ಪು ಕಲ್ಲಿನ ಮೇಲ್ಪದರದ ಒಳಗೇ ಹರಳುಗಟ್ಟತ್ತೆ, ಹರಳಿಗೆ ಜಾಗ ಬೇಕಲ್ಲ, ಕಲ್ಲಿನ ಕಣಗಳನ್ನ ಒದ್ದು ಹೊರಗೆ ಹಾಕತ್ತೆ. ಮಳೆಗಾಲದಲ್ಲಿ ಕರಗೋದು, ಬೇಸಿಗೇಲಿ ಮತ್ತೆ ಹರಳಾಗೋದು, ಹೀಗೆ ವರ್ಷ ವರ್ಷ ಒಂದೊಂದು ಪದರ ಹೋಗತ್ತೆ. ಪ್ರವಾಹದ ಪೆಟ್ಟು ಇಷ್ಟು ತಡವಾಗಿ ಕಾಣೋದು ಇದಕ್ಕೇ.

ಸಿಮೆಂಟ್ ಬಡಿದ್ರೆ ತೇವ ಹೊರಗೆ ಬರೋ ದಾರಿ ಮುಚ್ಚತ್ತೆ, ಆಗ ಅದು ಸಿಮೆಂಟ್ ದಾಟಿ ಇನ್ನೂ ಮೇಲಕ್ಕೆ ಹತ್ತತ್ತೆ, ಇವತ್ತು ಮೂರಡೀಲಿ ಇರೋ ರೋಗ ಐದಡಿಗೆ ಹೋಗಿ ಚೆನ್ನಾಗಿರೋ ಕೆತ್ತನೆನೂ ತಿನ್ನತ್ತೆ. ಸಾಲದ್ದಕ್ಕೆ ಸಿಮೆಂಟಲ್ಲೇ ಉಪ್ಪಿರತ್ತೆ. ಪೇಂಟ್‌ದೂ ಇದೇ ಕಥೆ. ಒಂದು ಕೇಳ್ತೀನಿ, ಗುಡಿ ಸುತ್ತ ಕಾಂಕ್ರೀಟ್ ಹಾಕಿದೀರಾ?

ಪ್ರಶ್ನೆ ಕೇಳಿದವರು: ಹೌದ್ರಿ, ಜಾತ್ರಿಗಂತ ಗ್ವಾಡಿ ತನಕ ಹಾಕಿಸೇವಿ. ಕಾಲು ತೊಳಿಯಾಕ ಬಾಜೂಕ ನಳಾನೂ ಕೂಡ್ಸೇವ್ರಿ. ಗ್ವಾಡಿ ಮ್ಯಾಲೆ ಬೆಳ್ಳಗ ಪುಡಿ ಬಂದೈತಿ, ಪ್ರೆಷರ್ ಪಂಪಿಂದ ತೊಳೀಲೇನ್ರಿ?

ಉತ್ತರ: ಅಯ್ಯೋ ಬೇಡ, ಆ ಬಿಳಿ ಪುಡಿನೇ ಉಪ್ಪು, ನೀರು ಬಿಟ್ರೆ ಕರಗಿ ವಾಪಸ್ ಒಳಗೆ ಹೋಗತ್ತೆ. ಗಟ್ಟಿ ಇರೋ ಕಡೆ ಮಾತ್ರ ಒಣ ಮೆತ್ತನೆ ಬ್ರಷ್‌ನಲ್ಲಿ ಗುಡಿಸಿ ಮೊರಕ್ಕೆ ತುಂಬಿ ದೂರ ಚೆಲ್ಲಿ, ಗೋಡೆ ಬುಡದಲ್ಲೇ ಬಿಡಬೇಡಿ. ಪದರ ಎದ್ದಿರೋ ಕಡೆ, ವೀರಗಲ್ಲಿಗೆ, ಕೈಯೇ ಹಚ್ಚಬೇಡಿ. ಬೆಳಗ್ಗೆ ಓರೆ ಬಿಸಿಲಲ್ಲಿ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೋ ತೆಗೀರಿ, ಆರು ತಿಂಗಳಿಗೊಮ್ಮೆ ಅದೇ ಜಾಗದಿಂದ. ಕಾಂಕ್ರೀಟ್ ಇರೋದ್ರಿಂದ ನೆಲದ ತೇವಕ್ಕೆ ಆರೋಕೆ ಬೇರೆ ದಾರಿ ಇಲ್ಲ, ಗೋಡೆ ಹತ್ತತ್ತೆ ಅಷ್ಟೇ. ಬುಡದಲ್ಲಿ ಒಂದೆರಡು ಅಡಿ ಪಟ್ಟಿ ಬಿಡಿಸಬೇಕು, ಆದ್ರೆ ನೀವೇ ಬ್ರೇಕರ್ ತಂದು ಒಡೀಬೇಡಿ, ಪುರಾತತ್ವ ಇಲಾಖೆಗೆ ಅರ್ಜಿ ಕೊಡಿ. ಕೇಂದ್ರದ ಸಂರಕ್ಷಿತ ಸ್ಮಾರಕ ಆಗಿದ್ರೆ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್ ತನಕ ಪರ್ಮಿಷನ್ ಬೇಕು.

ಇನ್ನೊಬ್ಬರು: ಮೇಡಂ, ಹಂಪಿ ಪುರಂದರ ಮಂಟಪ ಡ್ಯಾಂ ಗೇಟ್ ತೆಗೆದಾಗೆಲ್ಲ ಮುಳುಗುತ್ತೆ, ಅದಕ್ಯಾಕೆ ಹೀಗಾಗಲ್ಲ?

ಉತ್ತರ: ಅದು ಗ್ರಾನೈಟ್, ಅಷ್ಟು ನೀರು ಕುಡಿಯಲ್ಲ. ಅಲ್ಲಿ ಭಯ ಬೇರೆ, ನೀರಿನ ಸೆಳವು, ತೇಲಿ ಬಂದು ಕಂಬಕ್ಕೆ ಗುದ್ದೋ ಮರದ ದಿಮ್ಮಿ, ಅಡಿಪಾಯದ ಮಣ್ಣು ಕೊಚ್ಚಿಹೋಗೋದು.

ಪ್ರಶ್ನೆ ಕೇಳಿದವರು: ಮಂಗಳವಾರ ಕಮಿಟಿ ಮೀಟಿಂಗ್ ಐತ್ರಿ, ಇದನ್ನ ಓದಿ ಹೇಳ್ತೀನಿ. ಕೂಡಿಸಿದ ರೊಕ್ಕ ಏನ್ ಮಾಡೂದ್ರಿ?

ಉತ್ತರ: ಮೊದ್ಲು ಆ ನಳ ಗೋಡೆಯಿಂದ ದೂರ ಸರಿಸಿ, ಚರಂಡಿನೂ ಆಚೆ ತಿರುಗಿಸಿ. ಅಗೆಯೋಕ್ ಮುಂಚೆ ಇಲಾಖೆಯವರನ್ನ ಕೇಳಿ.