ಹಬ್ಬದ ವಂತಿಗೆ ಮೂರೇ ದಿನದಲ್ಲಿ ಬರುತ್ತದೆ, ಶಾಲೆಯ ಹೆಂಚಿಗೆ ಮೂರು ವರ್ಷವಾದರೂ ದುಡ್ಡಿಲ್ಲ. ಏನು ಮಾಡೋದು?

ಸೋರುವ ಹೆಂಚು:

ನಮ್ಮದು ಮಂಡ್ಯ ಕಡೆಯ ಊರು, ನೂರೈವತ್ತು ಮನೆ ಇರಬಹುದು. ನಾನು ಎರಡು ವರ್ಷದಿಂದ ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲೆ ನೋಡಿಕೊಳ್ಳುವ ಸಮಿತಿಯ ಸದಸ್ಯ. ಬೇರೆ ಯಾರೂ ಒಪ್ಪಲಿಲ್ಲ ಅಂತ ನನ್ನ ಹೆಸರು ಬರೆದುಕೊಂಡರು, ಅಷ್ಟೇ.

ಶಾಲೆ ಹಳೇ ಹೆಂಚಿನ ಕಟ್ಟಡ. 42 ಮಕ್ಕಳಿದ್ದಾರೆ. ತೊಲೆ ಗಟ್ಟಿಯಾಗಿದೆ, ಆದರೆ ಹೆಂಚು ಕೂರುವ ಮರದ ಪಟ್ಟಿ, ರೀಪರನ್ನು ಗೆದ್ದಲು ತಿಂದಿದೆ. ಮಳೆ ಬಂದರೆ ನಲಿ-ಕಲಿ ತರಗತಿಯ ಚಿಕ್ಕ ಮಕ್ಕಳು ಮೇಜು ಎಳೆದುಕೊಂಡು ಒಂದು ಮೂಲೆಗೆ ಸೇರುತ್ತಾರೆ. ಸೋರುವ ಜಾಗಕ್ಕೆ ಬಿಸಿಯೂಟದ ಅಲ್ಯೂಮಿನಿಯಂ ಪಾತ್ರೆ ಇಡುತ್ತಾರೆ. ನನ್ನ ಮಗಳು ಅದರ ಟಪ್ ಟಪ್‌ಗೆ ಸರಿಯಾಗಿ ಮಗ್ಗಿ ಹೇಳುವುದನ್ನು ಕಲಿತಿದ್ದಾಳೆ. ಮಳೆ ಜೋರಾದರೆ ಎರಡರ ಮಗ್ಗಿ ಬೇಗ ಮುಗಿಯುತ್ತದೆ.

ಬಡಗಿ ಕೊಟ್ಟ ಲೆಕ್ಕ 1,10,000 ರೂಪಾಯಿ. ಈ ಸಲದ ಮಾರಿಹಬ್ಬಕ್ಕೆ ಮನೆಗೆ 2,000 ವಂತಿಗೆ ಹಾಕಿದ್ದರು, ಮೂರು ದಿನದಲ್ಲಿ ಬಂತು. ಬೆಂಗಳೂರಲ್ಲಿರುವ ಹುಡುಗರು ಕೇಳುವ ಮೊದಲೇ ಫೋನ್‌ಪೇ ಮಾಡಿದರು. ಅದರಲ್ಲಿ ಒಂದು ರಾತ್ರಿಯ ಆರ್ಕೆಸ್ಟ್ರಾಗೇ 80,000 ಹೋಯಿತು. ತಮಟೆ, ಪೂಜಾ ಕುಣಿತ, ಕೊಂಡ, ಇವಕ್ಕೆ ನನ್ನ ತಕರಾರಿಲ್ಲ. ಪೂಜೆ ಹೊತ್ತವರು ಬೀದಿಗೆ ಬಂದರೆ ನನಗೂ ಮೈ ಜುಂ ಅನ್ನುತ್ತದೆ. ಆದರೆ ಆರ್ಕೆಸ್ಟ್ರಾ ಯಾವಾಗಿಂದ ಸಂಪ್ರದಾಯ ಆಯ್ತು? ನಾನು ಚಿಕ್ಕವನಿದ್ದಾಗ ಇರಲಿಲ್ಲ.

ಹಬ್ಬದ ಲೆಕ್ಕ ಓದುವ ದಿನ ಗುಡಿ ಮುಂದೆ ಎದ್ದು ನಿಂತು ಇದನ್ನೇ ಹೇಳಿದೆ. ಮುಂದಿನ ವರ್ಷ ಆರ್ಕೆಸ್ಟ್ರಾ ಬಿಟ್ಟು ಹೆಂಚು ಹೊದಿಸೋಣ ಅಂದೆ. ಯಜಮಾನರು, "ದೇವ್ರ ದುಡ್ಡಿನ ಮೇಲೆ ಕಣ್ಣು ಹಾಕ್ಬೇಡ ಕಣಪ್ಪ" ಅಂದರು. ಪಂಚಾಯಿತಿಯಲ್ಲಿದ್ದ ಒಬ್ಬರು, "ಸರ್ಕಾರದ ಸ್ಕೂಲು, ಸರ್ಕಾರ ನೋಡ್ಕೊಳ್ಳುತ್ತೆ. ನಿನ್ ಮಗಳನ್ನ ಕಾನ್ವೆಂಟ್‌ಗೆ ಸೇರ್ಸು" ಅಂದರು. ಅವರ ಮನೆ ಮುಂದೆ ದಿನಾ ಬೆಳಿಗ್ಗೆ ಹಳದಿ ವ್ಯಾನು ನಿಲ್ಲುತ್ತದೆ, ಅದು ಬೇರೆ ಮಾತು. ಮಾರನೇ ದಿನವೇ ನಾನು ಎಲೆಕ್ಷನ್‌ಗೆ ನಿಲ್ಲೋಕೆ ಹೀಗೆಲ್ಲ ಆಡ್ತಿದ್ದೀನಿ ಅಂತ ಸುದ್ದಿ.

ಜಗಳ ಆಗದ ಹಾಗೆ ಈ ಕೆಲಸ ಮಾಡಿಸಿದವರು ಯಾರಾದರೂ ಇದ್ದೀರಾ?

ಸೀಮೆಸುಣ್ಣ:

ನಾನು ಹೆಡ್‌ಮಾಸ್ಟರ್ ಆಗಿ ರಿಟೈರ್ ಆದವನು. ಮೊದಲು ಶಾಲೆಗೆ ಬರುವ ದುಡ್ಡಿನ ವಿಚಾರ ಹೇಳಿಬಿಡುತ್ತೇನೆ, ಊರಲ್ಲಿ ಬಹಳ ಜನ ಹೆಡ್‌ಮಾಸ್ಟರ್ ಬೀರುವಿನಲ್ಲಿ ದುಡ್ಡು ಕೊಳೆಯುತ್ತಿದೆ ಅಂದುಕೊಂಡಿರುತ್ತಾರೆ.

ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕದಲ್ಲಿ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಶಾಲಾ ಅನುದಾನ. ಅದರಲ್ಲೂ ನೂರಕ್ಕೆ ಹತ್ತರಷ್ಟು ಸ್ವಚ್ಛತೆಗೇ ಎತ್ತಿಡಬೇಕು. ಉಳಿದದ್ದರಲ್ಲಿ ಕರೆಂಟ್ ಬಿಲ್ಲು, ರಿಜಿಸ್ಟರು, ನಲ್ಲಿ ರಿಪೇರಿ, ಒಡೆದ ಸ್ವಿಚ್ಚು. ನನ್ನ ಕೈಯಿಂದ ಪೊರಕೆ ತಂದ ತಿಂಗಳುಗಳೂ ಇವೆ. ನಿಮ್ಮ ಹೆಂಚಿಗೆ ಅಲ್ಲಿ ದುಡ್ಡು ಹುಟ್ಟುವುದಿಲ್ಲ.

ಆದರೆ ನಿಮ್ಮ ಕೈಯಲ್ಲಿ ಇನ್ನೊಂದು ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ಅಪ್ಪ ಅಮ್ಮಂದಿರೇ ಇರಬೇಕು, ಅರ್ಧದಷ್ಟು ಹೆಂಗಸರು. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು ಆ ಸಮಿತಿಯ ಕೆಲಸ. ನೀವು ಗುಡಿ ಮುಂದೆ ಹೇಳಿದ್ದು ಗಾಳಿಗೆ ಹೋಯ್ತು. ಸಮಿತಿ ಸಭೆ ಕರೆದು, ಬಡಗಿಯ ಲೆಕ್ಕ ಅಂಟಿಸಿ, ನಿರ್ಣಯ ಪುಸ್ತಕದಲ್ಲಿ ಬರೆಸಿ ಎಲ್ಲರ ಸಹಿ ಹಾಕಿಸಿ. ಒಬ್ಬನೇ ಹೇಳಿದರೆ ಎಲೆಕ್ಷನ್ ಆಸೆ ಅಂತಾರೆ. ಒಂಬತ್ತು ಹತ್ತು ಸಹಿ ಇದ್ದರೆ ಹಾಗನ್ನೋದು ಕಷ್ಟ.

ಮಾಜಿ ಮೆಂಬರ್:

ಅಣ್ಣ, ನಾನು 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ಪಂಚಾಯಿತಿಗೆ ಹೋದವಳು. ಮೇಷ್ಟ್ರು ಹೇಳಿದ ಕಾಗದ ಎಲ್ಲಿಗೆ ಹೋಗಬೇಕು ಅಂತ ನಾನು ಹೇಳ್ತೀನಿ.

ನಾವಿದ್ದಾಗ 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಕೇಂದ್ರದಿಂದ ಪಂಚಾಯಿತಿಗೆ ಬರುತ್ತಿದ್ದ ದುಡ್ಡಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು. ಮಿಕ್ಕ 40 ಭಾಗಕ್ಕೇ ಗುದ್ದಾಟ. ಪ್ರತಿಯೊಬ್ಬ ಮೆಂಬರಿಗೂ ತನ್ನ ಬೀದಿಗೆ ಕಾಂಕ್ರೀಟು ಬೇಕು. ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ ಅಂತ ಹೆಸರಿಗೆ ಮಾತ್ರ. ಯಾವ ಬೀದಿ ಯಾವ ಪಕ್ಷದ್ದು ಅಂತ ಎಲ್ಲರಿಗೂ ಗೊತ್ತು. ಶಾಲೆ ಯಾವ ಬೀದಿಯಲ್ಲೂ ಇರಲ್ಲ, ಮಕ್ಕಳಿಗೆ ಓಟೂ ಇಲ್ಲ.

"ಶಾಲೆ ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ಯಾರಾದರೂ ಅಂದರೆ ನಂಬಬೇಡಿ. ಪಂಚಾಯಿತಿಗಳಿಗೆ ಅಂತ ಸಂವಿಧಾನದ 11ನೇ ಅನುಸೂಚಿಯಲ್ಲಿ 29 ವಿಷಯ ಇವೆ, ಪ್ರಾಥಮಿಕ ಶಾಲೆಯೂ ಅದರಲ್ಲಿದೆ. ನಾನು ಮೊದಲ ವರ್ಷ ಸಭೆಯಲ್ಲಿ ಬಾಯಿ ಮಾತಲ್ಲಿ ಕೇಳಿ ಕೇಳಿ ಸುಸ್ತಾದೆ. ಎರಡನೇ ವರ್ಷ ಹದಿನಾಲ್ಕು ಜನ ತಾಯಂದಿರನ್ನು ಗ್ರಾಮ ಸಭೆಗೆ ಕರೆದುಕೊಂಡು ಹೋದೆ. ಒಬ್ಬಳು ಎದ್ದು, "ನನ್ ಮಗಳು ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ, ಒಂದಕ್ಕೆ ಹೋಗೋಕೆ ಜಾಗ ಇಲ್ಲ ಅಂತ" ಅಂದಳು. ಯಾರೂ ಉಸಿರೆತ್ತಲಿಲ್ಲ. ಹೆಣ್ಣುಮಕ್ಕಳ ಶೌಚಾಲಯ ಕ್ರಿಯಾ ಯೋಜನೆಗೆ, ಅಂದರೆ ಪಂಚಾಯಿತಿಯ ಆ ವರ್ಷದ ಕೆಲಸಗಳ ಪಟ್ಟಿಗೆ ಸೇರಿತು. ಅದನ್ನು ನಡಾವಳಿಯಲ್ಲಿ ಬರೆಯುವ ತನಕ ನಾವು ಅಲ್ಲಿಂದ ಏಳಲಿಲ್ಲ. ಬರೆದ ಮೇಲೂ ಓದಿಸಿ ಕೇಳಿದೆವು, ಯಾಕಂದರೆ ಅಲ್ಲಿ ಆಡಿದ್ದೇ ಒಂದು, ಬರೆಯುವುದೇ ಒಂದು.

ಕ್ರಿಯಾ ಯೋಜನೆ ಮುಗಿದ ಮೇಲೆ ಹೋದರೆ ಮತ್ತೆ ಒಂದು ವರ್ಷ ಕಾಯಬೇಕು, ನೆನಪಿರಲಿ.

ತೇರಿನ ಗಾಲಿ:

ಬೇಜಾರು ಮಾಡ್ಕೋಬೇಡಿ, ಆರ್ಕೆಸ್ಟ್ರಾ ಬಿಡಿ ಅಂದದ್ದೇ ನೀವು ಮಾಡಿದ ತಪ್ಪು. ವಂತಿಗೆ ಕೊಟ್ಟವನಿಗೆ ಅದು ಅವನ ಹಬ್ಬ. ಊರು ಬಿಟ್ಟ ಹುಡುಗರು ವರ್ಷಕ್ಕೊಂದು ಸಲ ಬಂದು ಕುಣಿಯುವುದು ಆ ರಾತ್ರಿ. ಅದನ್ನು ಕಿತ್ತುಕೊಂಡು ಹೆಂಚು ಹಾಕಿದರೆ ಆ ಹೆಂಚಿನ ಮೇಲೇ ಕೋಪ ಬರುತ್ತೆ.

ನಮ್ಮೂರಲ್ಲಿ ಬೇರೆ ದಾರಿ ಮಾಡಿದೆವು. ಹಬ್ಬದ ಕೊನೇ ದಿನ ಹರಾಜು ನಡೆಯುತ್ತಲ್ಲ, ದೇವರ ಮುಂದಿಟ್ಟ ನಿಂಬೆಹಣ್ಣು, ತೆಂಗಿನಕಾಯಿ, ಹೊಂಬಾಳೆ, ಅದರ ಕೊನೆಗೆ ಇನ್ನೊಂದು ಸೇರಿಸಿದೆವು. ಶಾಲೆ ಗಂಟೆ. ಕೂಗಿ ಗೆದ್ದವರು ಜೂನ್‌ನಲ್ಲಿ ಶಾಲೆ ಶುರುವಾಗುವ ದಿನ ಮೊದಲ ಗಂಟೆ ಹೊಡೆಯಬಹುದು. ಶಾಲೆಗೆ 50 ರೂಪಾಯಿ ಕೊಡದ ಮನುಷ್ಯ ಪಕ್ಕದ ಬೀದಿಯವನ ಮೇಲಿನ ಹಟಕ್ಕೆ 14,000ಕ್ಕೆ ಕೂಗಿದ. ಬಿಳಿ ಪಂಚೆ ಉಟ್ಟು ಬಂದು ಗಂಟೆ ಹೊಡೆದ. ಅವತ್ತು ಒಳಗೆ ಹೋಗಿ ಸೋರುವ ಗೋಡೆ ನೋಡಿ ಬಂದವನು ಮುಂದಿನ ವಾರ ಎರಡು ಚೀಲ ಸಿಮೆಂಟ್ ಕಳಿಸಿದ, ಯಾರೂ ಕೇಳಿರಲಿಲ್ಲ.

ಹರಾಜು ಅಂದೆ ಅಂತ ಮೆಂಬರ್ ಸೀಟನ್ನೇ ಹರಾಜು ಹಾಕೋ ಬುದ್ಧಿ ಮಾತ್ರ ಬೇಡ. 2020ರಲ್ಲಿ ಕೆಲವು ಕಡೆ ಹಾಗೆ ಮಾಡಿ ಗುಡಿಗೆ ದುಡ್ಡು ಕೂಡಿಸಿದ್ದು ಪೇಪರಲ್ಲೆಲ್ಲ ಬಂದಿತ್ತು.

ಸೋರುವ ಹೆಂಚು:

ಎಲ್ಲರಿಗೂ ಥ್ಯಾಂಕ್ಸ್. ಊರಿನವರೇ ದುಡ್ಡು ಹಾಕಿದರೆ ಪಂಚಾಯಿತಿಯವರು ಕೈ ತೊಳೆದುಕೊಳ್ಳುತ್ತಾರೆ ಅನ್ನೋ ಅನುಮಾನ ನನಗೆ ಇನ್ನೂ ಇದೆ. ಅದಕ್ಕೇ ಅಕ್ಕ ಹೇಳಿದಂತೆ ಮೊದಲು ಗ್ರಾಮ ಸಭೆ, ಹರಾಜು ಆಮೇಲೆ. ಶನಿವಾರ ಸಮಿತಿ ಸಭೆ ಕರೆದಿದ್ದೇವೆ. ಏಳು ಜನ ತಾಯಂದಿರು ಬರ್ತೀವಿ ಅಂದಿದ್ದಾರೆ.

ಗಂಟೆ ವಿಚಾರವನ್ನು ಸುಮ್ನೆ ಯಜಮಾನರ ಕಿವಿಗೆ ಹಾಕಿ ನೋಡಿದೆ. ಬೈತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಸವರುತ್ತಾ ಕೂತಿದ್ದು, "ಹಿತ್ತಾಳೆ ಗಂಟೆನಾ?" ಅಂದರು. ಇಲ್ಲ, ನಮ್ಮ ಶಾಲೆಯಲ್ಲಿ ನೇತು ಹಾಕಿರೋದು ರೈಲು ಕಂಬಿ ತುಂಡು ಅಂದೆ.

"ಥೂ, ಕಬ್ಬಿಣಕ್ಕೆ ಯಾವನ್ ಕೂಗ್ತಾನೆ? ಮೊದ್ಲು ಒಂದು ಗಂಟೆ ತರ್ಸು."