ಕೌಟುಂಬಿಕ ದೌರ್ಜನ್ಯದ ಬಗ್ಗೆ ಪಿಎಚ್‌ಡಿ: ವಿಷಯವನ್ನು ಹೇಗೆ ಆರಿಸಿಕೊಳ್ಳಲಿ?

ಪ್ರಶ್ನೆ (ದಾವಣಗೆರೆ): ಎಂಎಸ್‌ಡಬ್ಲ್ಯು (ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ) ಮುಗಿಸಿರುವ ನಾನು ಕೌಟುಂಬಿಕ ದೌರ್ಜನ್ಯ ಹಾಗೂ ನೊಂದ ಮಹಿಳೆಯರಿಗೆ ಸಿಗುವ ನೆರವಿನ ಕುರಿತು ಸಂಶೋಧನೆ ಮಾಡಿ, ಮುಂದೆ ಅಧ್ಯಾಪನಕ್ಕೆ ಬರಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?

ಉತ್ತರ 1: ನೊಂದ ಮಹಿಳೆಯ ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನಗಳಲ್ಲಿ ಇತ್ಯರ್ಥಪಡಿಸಲು ಮ್ಯಾಜಿಸ್ಟ್ರೇಟರು ಪ್ರಯತ್ನಿಸಬೇಕೆಂದು ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ಹೇಳುತ್ತದೆ. ತೀರ್ಪು ಬರುವವರೆಗಿನ ದಿನಗಳನ್ನು ಆ ಹೆಣ್ಣುಮಗಳು ತವರಿನಲ್ಲೋ, ಬಾಡಿಗೆ ಕೋಣೆಯಲ್ಲೋ, ಹೊಡೆದವನ ಮನೆಯಲ್ಲೇಯೋ ಹೇಗೆ ಕಳೆಯುತ್ತಾಳೆ ಎಂಬುದೊಂದೇ ಇಡೀ ಪ್ರಬಂಧಕ್ಕೆ ಸಾಲುವಷ್ಟು ದೊಡ್ಡ ಪ್ರಶ್ನೆ.

ಉತ್ತರ 2: ನಮ್ಮಲ್ಲಿ ಸಿಡಿಪಿಒಗಳೇ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು) ಈ ಕಾಯ್ದೆಯಡಿ ನೊಂದ ಮಹಿಳೆಯರಿಗೆ ನೆರವಾಗುವ ಸಂರಕ್ಷಣಾಧಿಕಾರಿಗಳು. ಅಂಗನವಾಡಿಗಳ ಉಸ್ತುವಾರಿಯ ನಡುವೆಯೇ ಕೌಟುಂಬಿಕ ಘಟನಾ ವರದಿಯನ್ನೂ ಬರೆಯುವ ಅವರ ಹೊರೆಯನ್ನು ನಿಮ್ಮ ಸಂಶೋಧನೆಯಲ್ಲಿ ದಯವಿಟ್ಟು ಕೈಬಿಡಬೇಡಿ. ಜೊತೆಗೆ ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್‌ಗೆ ಓದುತ್ತಿರಿ.

ಉತ್ತರ 3 (ಚಿತ್ರದುರ್ಗ): ಸಂದರ್ಶನದ ವೇಳೆ ಅತ್ತೆ ಬಾಗಿಲಲ್ಲಿ ಬಂದು ನಿಂತರೆ ಪ್ರಶ್ನಾವಳಿಯನ್ನು ಮಡಚಿಟ್ಟು ಬೇರೆ ಮಾತಾಡಿ. ಸಂದರ್ಶನ ಕೊಡುತ್ತಿರುವ ಮಹಿಳೆಯ ಸುರಕ್ಷತೆ ನಿಮ್ಮ ಮಾಹಿತಿಗಿಂತ ದೊಡ್ಡದು.